ಐಟಿಐ, ಡಿಪ್ಲೊಮಾ, ಬಿಇ: ಮೂವತ್ತು ತುಂಬುವಾಗ ಯಾರ ಕೈಯಲ್ಲಿ ಎಷ್ಟು?

2025ರ ಅಕ್ಟೋಬರ್ 4ರಂದು ಕೇಂದ್ರ ಸರ್ಕಾರ ‘ಪಿಎಂ-ಸೇತು’ ಯೋಜನೆಗೆ ಚಾಲನೆ ಕೊಟ್ಟಿತು. 1,000 ಸರ್ಕಾರಿ ಐಟಿಐಗಳ ಸುಧಾರಣೆಗೆ 60,000 ಕೋಟಿ ರೂಪಾಯಿ. ಅದೇ ವರ್ಷದ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತ್ತು. ಇವೆರಡರ ನಡುವೆ, ಅಮೆರಿಕದಲ್ಲಿ ಎಲೆಕ್ಟ್ರಿಷಿಯನ್‌ಗಳು ಎಂಜಿನಿಯರ್‌ಗಳಿಗಿಂತ ಹೆಚ್ಚು ಗಳಿಸುತ್ತಾರೆ ಎನ್ನುವ ವಿಡಿಯೊಗಳು ಮನೆಮನೆಯ ವಾಟ್ಸ್‌ಆ್ಯಪಿಗೂ ಬಂದು ಬಿದ್ದವು. ‘ಬಿಇ ದಂಡ, ಐಟಿಐ ಚಿನ್ನ’ ಎಂಬ ತೀರ್ಮಾನಕ್ಕೆ ಇಷ್ಟು ಸಾಕಾಯಿತು. ಆದರೆ ಸಿಇಟಿ ಸೀಟು ಹಂಚಿಕೆಯಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ನೂಕುನುಗ್ಗಲು ನಿಂತಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಮನೆಯಲ್ಲಿ ಈಗಿನ ಪ್ರಶ್ನೆ ನೇರವಾದದ್ದು: ದುಡ್ಡಿನ ಲೆಕ್ಕದಲ್ಲಿ ಯಾವುದು ಸರಿ?

ಅಮೆರಿಕದ ಲೆಕ್ಕ ಇಲ್ಲಿ ಹೊಂದುವುದಿಲ್ಲ

ಅಮೆರಿಕದ ಸರ್ಕಾರಿ ಅಂಕಿಅಂಶದಂತೆ 2023ರಲ್ಲಿ ಅಲ್ಲಿನ ಎಲೆಕ್ಟ್ರಿಷಿಯನ್‌ಗಳ ಮಧ್ಯಮ ವಾರ್ಷಿಕ ವೇತನ 61,590 ಡಾಲರ್. ಪದವೀಧರರ ಮಧ್ಯಮ ವಾರದ ಗಳಿಕೆ 1,493 ಡಾಲರ್. 52 ವಾರಕ್ಕೆ ಗುಣಿಸಿದರೆ 77,000 ಡಾಲರ್ ದಾಟುತ್ತದೆ. ಅಂದರೆ ವಿಡಿಯೊ ಹುಟ್ಟಿದ ದೇಶದಲ್ಲೇ ಸರಾಸರಿ ಪದವೀಧರರು ಮುಂದಿದ್ದಾರೆ. ಅಲ್ಲಿ ಎಲೆಕ್ಟ್ರಿಷಿಯನ್‌ಗೆ ಅಷ್ಟು ಕೂಲಿ ಸಿಗುವುದಕ್ಕೂ ಕಾರಣವಿದೆ. ಸಂಬಳ ಪಡೆಯುತ್ತಲೇ ನಾಲ್ಕೈದು ವರ್ಷ ಅಪ್ರೆಂಟಿಸ್ ಆಗಿ ಕಲಿಯಬೇಕು, ಆಮೇಲೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು, ಹಲವು ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲದೆ ವೈರ್ ಮುಟ್ಟುವಂತಿಲ್ಲ. ಕೆಲಸಗಾರರ ಸಂಖ್ಯೆಗೆ ಕಟ್ಟೆ ಇದೆ, ಹಾಗಾಗಿ ಬೆಲೆ ಇದೆ.

ನಮ್ಮಲ್ಲೂ ವಿದ್ಯುತ್ ಪರಿವೀಕ್ಷಣಾಲಯ ವೈರ್‌ಮನ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಕೊಡುತ್ತದೆ. ಆದರೆ ಮನೆ ಕಟ್ಟುವಾಗ ವೈರಿಂಗ್ ಮಾಡುವವನ ಬಳಿ ಪರ್ಮಿಟ್ ಇದೆಯೇ ಎಂದು ಕೇಳುವವರು ಅಪರೂಪ. ಒಬ್ಬ ಗುತ್ತಿಗೆದಾರನ ಸಹಿಯ ಕೆಳಗೆ ಹತ್ತು ಜನ ದುಡಿಯುತ್ತಾರೆ. ದರ ನಿಗದಿಯಾಗುವುದು ಆ ಹತ್ತು ಜನರಲ್ಲಿ ಅಗ್ಗಕ್ಕೆ ಬರುವವನಿಂದ.

ಹೆಸರುಗಳ ಗೊಂದಲ

‘ನಾಲ್ಕು ವರ್ಷದ ಪದವಿ’ ಎಂಬ ಮಾತೇ ಕರ್ನಾಟಕದಲ್ಲಿ ಎಡವಟ್ಟಿನದು. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಬಂದ ನಾಲ್ಕು ವರ್ಷದ ಬಿಎ, ಬಿಎಸ್ಸಿ, ಬಿಕಾಂ ಆನರ್ಸ್ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2024ರ ಮೇನಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಇಳಿಸಿತು. ಈಗ ನಾಲ್ಕು ವರ್ಷ ಎಂದರೆ ಮುಖ್ಯವಾಗಿ ಬಿಇ, ಬಿಎಸ್ಸಿ ಕೃಷಿ, ಬಿಎಸ್ಸಿ ನರ್ಸಿಂಗ್‌ನಂಥ ವೃತ್ತಿಪರ ಕೋರ್ಸು.

ಇನ್ನೊಂದು ಬದಿಯಲ್ಲೂ ಒಂದೇ ವಸ್ತು ಇಲ್ಲ. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್, ರೆಫ್ರಿಜರೇಷನ್-ಎಸಿ ಮೆಕ್ಯಾನಿಕ್ ಎರಡು ವರ್ಷದವು. ವೆಲ್ಡರ್, ಕಂಪ್ಯೂಟರ್ ಆಪರೇಟರ್ ಒಂದು ವರ್ಷದವು. ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿಯ ನಂತರ ಮೂರು ವರ್ಷ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ, ಅಂದರೆ ಕಾರ್ಖಾನೆಯ ಅಚ್ಚು-ಉಪಕರಣ ತಯಾರಿಕೆಯ ಡಿಪ್ಲೊಮಾಕ್ಕೆ ಮೂರು ವರ್ಷದ ಮೇಲೆ ಕಾರ್ಖಾನೆಯಲ್ಲಿ ಒಂದು ವರ್ಷದ ತರಬೇತಿ. ಇವೆಲ್ಲವನ್ನೂ ‘ಕೈಕೆಲಸದ ಓದು’ ಎಂದು ಒಂದೇ ಗೋಣಿಚೀಲಕ್ಕೆ ತುಂಬಿ ಬಿಇ ಜೊತೆ ತೂಗುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಸರ್ಕಾರವೇ ಬರೆದಿಟ್ಟ ಬೆಲೆಪಟ್ಟಿ

ಖಾಸಗಿ ಸಂಬಳ ಊರಿಗೊಂದು, ಕಂಪನಿಗೊಂದು. ಸರ್ಕಾರಿ ನೇಮಕಾತಿ ಪ್ರಕಟಣೆಗಳಲ್ಲಿ ಮಾತ್ರ ಯಾವ ಓದಿಗೆ ಎಷ್ಟು ಎಂಬುದು ಅಚ್ಚಾಗಿರುತ್ತದೆ. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಇಸ್ರೊ ಕೊಡುವ ಆರಂಭಿಕ ಮೂಲವೇತನ ನೋಡಿ. ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಕೇಳುವ ಟೆಕ್ನಿಷಿಯನ್-ಬಿ ಹುದ್ದೆಗೆ 21,700 ರೂಪಾಯಿ. ಪ್ರಥಮ ದರ್ಜೆಯ ಡಿಪ್ಲೊಮಾ ಕೇಳುವ ಟೆಕ್ನಿಕಲ್ ಅಸಿಸ್ಟೆಂಟ್‌ಗೆ 44,900. ಬಿಇ ಕೇಳುವ ವಿಜ್ಞಾನಿ/ಎಂಜಿನಿಯರ್ ‘ಎಸ್‌ಸಿ’ ಹುದ್ದೆಗೆ 56,100. ತುಟ್ಟಿಭತ್ಯೆ ಬೇರೆ.

ಐಟಿಐಗಿಂತ ಡಿಪ್ಲೊಮಾ ಓದು ಒಂದು ವರ್ಷ ಹೆಚ್ಚು. ವೇತನ 23,200 ಹೆಚ್ಚು. ಡಿಪ್ಲೊಮಾದಿಂದ ಬಿಇಗೆ ಇನ್ನೂ ಮೂರು ವರ್ಷ. ವೇತನ ಏರುವುದು 11,200. ರೈಲ್ವೆಯಲ್ಲೂ ಹೆಚ್ಚುಕಡಿಮೆ ಇದೇ ಕತೆ: ಐಟಿಐ ಆಧಾರದ ಟೆಕ್ನಿಷಿಯನ್ ಗ್ರೇಡ್-3ಕ್ಕೆ 19,900, ಡಿಪ್ಲೊಮಾದವರೂ ಬಿಇಯವರೂ ಒಂದೇ ಸಾಲಿನಲ್ಲಿ ನಿಂತು ಬರೆಯುವ ಜೂನಿಯರ್ ಎಂಜಿನಿಯರ್ ಪರೀಕ್ಷೆಯಲ್ಲಿ ಗೆದ್ದರೆ 35,400. ಈ ಹುದ್ದೆಗಳು ಬೆರಳೆಣಿಕೆಯವು, ನಿಜ. ಆದರೆ ದೊಡ್ಡ ಜಿಗಿತ ಇರುವುದು ಐಟಿಐಗೂ ಡಿಪ್ಲೊಮಾಕ್ಕೂ ನಡುವೆ ಎಂಬುದನ್ನು ಈ ಪಟ್ಟಿ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ‘ಐಟಿಐಯೋ ಬಿಇಯೋ’ ಎಂದು ಕೇಳುವವರು ನಡುವಿನ ಮೆಟ್ಟಿಲನ್ನೇ ಮರೆತಿರುತ್ತಾರೆ.

ಮೂವತ್ತರವರೆಗಿನ ಲೆಕ್ಕ

ಇನ್ನು ಖಾಸಗಿ ಕೆಲಸದ ಲೆಕ್ಕ. ಕೆಳಗಿನ ಸಂಬಳ, ಖರ್ಚು, ಏರಿಕೆಯ ದರ ಎಲ್ಲವೂ ಉದಾಹರಣೆಗೆ ಹಿಡಿದವು. ನಿಮ್ಮ ಊರಿನ, ನಿಮಗೆ ಸಿಗುವ ಕಾಲೇಜಿನ ಅಂಕಿ ಹಾಕಿ ಮತ್ತೆ ಕೂಡಿ ನೋಡಬೇಕು. ನಾಲ್ವರೂ 16ನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ್ದಾರೆ ಎಂದುಕೊಳ್ಳೋಣ.

ಮೊದಲನೆಯವರು ಸರ್ಕಾರಿ ಐಟಿಐಯಲ್ಲಿ ಫಿಟ್ಟರ್. ಎರಡು ವರ್ಷದ ಶುಲ್ಕ, ಬಸ್ಸು, ಸಮವಸ್ತ್ರ ಸೇರಿ 30,000 ರೂಪಾಯಿ ಖರ್ಚು. ಒಂದು ವರ್ಷ ತಿಂಗಳಿಗೆ 9,000 ಸ್ಟೈಪೆಂಡ್‌ನ ಅಪ್ರೆಂಟಿಸ್. 19ಕ್ಕೆ 16,000 ಸಂಬಳ, ವರ್ಷಕ್ಕೆ ಶೇ 6 ಏರಿಕೆ. 30 ತುಂಬುವಾಗ ಖರ್ಚು ಕಳೆದ ಒಟ್ಟು ಗಳಿಕೆ ಸುಮಾರು 29.5 ಲಕ್ಷ, ಆಗಿನ ತಿಂಗಳ ಸಂಬಳ 28,600ರ ಆಸುಪಾಸು.

ಎರಡನೆಯವರು ಡಿಪ್ಲೊಮಾ. ಮೂರು ವರ್ಷಕ್ಕೆ 90,000 ಖರ್ಚು, 19ಕ್ಕೆ 20,000 ಸಂಬಳ, ಶೇ 8 ಏರಿಕೆ. ಒಟ್ಟು ಗಳಿಕೆ 39 ಲಕ್ಷ. ತಿಂಗಳ ಸಂಬಳ 43,000.

ಮೂರನೆಯವರು ಪಿಯುಸಿ ಮಾಡಿ ಬಿಇ. ಪಿಯುಸಿಗೆ 1 ಲಕ್ಷ, ಬಿಇಗೆ ವರ್ಷಕ್ಕೆ ಒಂದೂವರೆ ಲಕ್ಷದಂತೆ 6 ಲಕ್ಷ. 22ಕ್ಕೆ 28,000 ಸಂಬಳದ ಕೆಲಸ, ಶೇ 10 ಏರಿಕೆ. ಒಟ್ಟು ಗಳಿಕೆ 31.4 ಲಕ್ಷ, ತಿಂಗಳ ಸಂಬಳ 54,500. ಸಂಬಳದಲ್ಲಿ ಇವರೇ ಮುಂದು, ಕೂಡಿಟ್ಟ ಮೊತ್ತದಲ್ಲಿ ಡಿಪ್ಲೊಮಾದವರಿಗಿಂತ ಏಳೂವರೆ ಲಕ್ಷ ಹಿಂದೆ. ಅದನ್ನು ದಾಟುವುದು 34ರ ಹೊತ್ತಿಗೆ. ಅಲ್ಲಿಂದ ಮುಂದೆ ಅಂತರ ಬೆಳೆಯುತ್ತಲೇ ಹೋಗುತ್ತದೆ, ಹಾಗಾಗಿ ಇಡೀ ಜೀವಮಾನದ ಲೆಕ್ಕದಲ್ಲಿ ಗೆಲುವು ಈ ಬಿಇಯದೇ.

ನಾಲ್ಕನೆಯವರೂ ಬಿಇ, ಅದೇ 7 ಲಕ್ಷ ಖರ್ಚು. ಆದರೆ ಕ್ಯಾಂಪಸ್‌ಗೆ ಕಂಪನಿ ಬರಲಿಲ್ಲ; 18,000 ಸಂಬಳಕ್ಕೆ ಓದಿಗೆ ಸಂಬಂಧವಿಲ್ಲದ ಕೆಲಸ, ಶೇ 7 ಏರಿಕೆ. 30 ತುಂಬುವಾಗ ಒಟ್ಟು ಗಳಿಕೆ 15 ಲಕ್ಷ. ತಿಂಗಳ ಸಂಬಳ 28,900, ಅಂದರೆ ಐಟಿಐಯವರಷ್ಟೇ. ಆದರೆ ಕೂಡಿದ ಹಣ ಅವರ ಅರ್ಧ.

ಏರಿಕೆಯ ದರ ಶೇ 6, 8, 10 ಎಂದು ಬೇರೆಬೇರೆ ಹಿಡಿದದ್ದು ಪಕ್ಷಪಾತವಲ್ಲವೇ ಎಂದು ಕೇಳಬಹುದು. ಬಿಇಯ ನಿಜವಾದ ಬಂಡವಾಳ ಮೊದಲ ಸಂಬಳವಲ್ಲ, ಏರಿಕೆಯ ದರ. ಬಡ್ತಿಯ ಏಣಿಯಲ್ಲಿ ಐಟಿಐಯವರಿಗೆ ಸೂಪರ್‌ವೈಸರ್ ಹುದ್ದೆಯ ಬಳಿ ಸೀಲಿಂಗ್ ತಾಗುತ್ತದೆ, ಡಿಪ್ಲೊಮಾದವರಿಗೆ ಇನ್ನೊಂದೆರಡು ಮೆಟ್ಟಿಲು ಮೇಲೆ. ಮೂರನೆಯವರನ್ನೂ ನಾಲ್ಕನೆಯವರನ್ನೂ ಬೇರೆ ಮಾಡಿದ್ದು ಪದವಿಯಲ್ಲ, ಆ ಏಣಿಗೆ ಹತ್ತಲು ಜಾಗ ಸಿಕ್ಕಿತೇ ಇಲ್ಲವೇ ಎಂಬುದು.

ಸಾಲ ಮಾಡಿದರೆ

ಮೇಲಿನ ಲೆಕ್ಕ ಕೈಯಿಂದ ಹಣ ಹಾಕಿದ್ದಕ್ಕೆ. ಆ 6 ಲಕ್ಷವನ್ನು ಶಿಕ್ಷಣ ಸಾಲವಾಗಿ ಶೇ 10 ಬಡ್ಡಿಗೆ ತಂದರೆ ಚಿತ್ರ ಬದಲಾಗುತ್ತದೆ. ಓದಿನ ಅವಧಿ ಮತ್ತು ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎಂಬ ರಿಯಾಯಿತಿಯನ್ನು ಅನೇಕರು ‘ಬಡ್ಡಿಯೂ ಇಲ್ಲ’ ಎಂದು ತಿಳಿಯುತ್ತಾರೆ. ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷ ಪಡೆದ ಒಂದೂವರೆ ಲಕ್ಷಕ್ಕೆ ಐದು ವರ್ಷ, ಕೊನೆಯ ವರ್ಷದ್ದಕ್ಕೆ ಎರಡು ವರ್ಷ. ಸರಳ ಬಡ್ಡಿಯಲ್ಲೇ 2.1 ಲಕ್ಷ ಸೇರಿ ಕಂತು ಶುರುವಾಗುವಾಗ ಸಾಲ 8.1 ಲಕ್ಷ. ಹತ್ತು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 10,700. ಒಟ್ಟು ಕಟ್ಟುವ ಬಡ್ಡಿ 6.8 ಲಕ್ಷ, ಅಸಲಿಗಿಂತಲೂ ಹೆಚ್ಚು. ಡಿಪ್ಲೊಮಾದವರನ್ನು ದಾಟುವ ವಯಸ್ಸು 34ರಿಂದ 36ಕ್ಕೆ ಹೋಗುತ್ತದೆ. 18,000 ಸಂಬಳದ ನಾಲ್ಕನೆಯವರಿಗಂತೂ ಸಂಬಳದ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿಗೆ. ಅಪ್ಪನ ಹೊಲದ ಪಹಣಿ ಹೊರಗೆ ಬರುವುದು ಇಲ್ಲೇ.

ಮೂರನೆಯವರು ಪಾಸಾದ ಮೇಲೆ ಒಂದು ವರ್ಷ ಖಾಲಿ ಕೂತರೂ ಮೂವತ್ತರ ಮೊತ್ತ 31.4ರಿಂದ 25 ಲಕ್ಷಕ್ಕೆ ಇಳಿಯುತ್ತದೆ, ಸಾಲವಿಲ್ಲದೆಯೂ ಐಟಿಐಯವರ ಕೆಳಗೆ. ನಷ್ಟವಾಗುವುದು ಮೊದಲ ವರ್ಷದ ಸಣ್ಣ ಸಂಬಳವಲ್ಲ. ಇಡೀ ಏಣಿ ಒಂದು ವರ್ಷ ಹಿಂದೆ ಸರಿದು ಕೊನೆಯ ವರ್ಷದ ದೊಡ್ಡ ಸಂಬಳವೇ ಕೈತಪ್ಪುತ್ತದೆ.

ಬಿಎ, ಬಿಕಾಂ, ಬಿಎಸ್ಸಿಯ ಮಾತೇನು?

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಖರ್ಚು ಕಡಿಮೆ, ಹಾಗಾಗಿ ನಷ್ಟ ದುಡ್ಡಿನದಲ್ಲ, ವರ್ಷಗಳದ್ದು. ಈ ಪದವಿಗಳ ಆರ್ಥಿಕ ಬೆಲೆ ಬಹುಪಾಲು ಪ್ರವೇಶ ಚೀಟಿಯದು: ಪಿಎಸ್‌ಐ, ಎಫ್‌ಡಿಎ, ಬ್ಯಾಂಕ್ ಕ್ಲರ್ಕ್, ಕೆಎಎಸ್ ಪರೀಕ್ಷೆಗೆ ಕೂರಲು ಪದವಿ ಬೇಕು. ಅಧಿಸೂಚನೆಗಳು ಹೊತ್ತಿಗೆ ಸರಿಯಾಗಿ ಬಂದರೆ ಚೀಟಿಗೆ ಬೆಲೆ. ಒಳಮೀಸಲಾತಿ ತೀರ್ಮಾನಕ್ಕಾಗಿ 2024ರ ನವೆಂಬರಿನಿಂದ ರಾಜ್ಯದಲ್ಲಿ ಹೊಸ ನೇಮಕಾತಿ ತಡೆಹಿಡಿದಾಗ ಧಾರವಾಡದ ಕೋಚಿಂಗ್ ಕೋಣೆಗಳಲ್ಲಿ ಕೂತವರಿಗೆ ಅದು ನೇರ ಆದಾಯ ನಷ್ಟ. ಖಾಸಗಿ ವಲಯದ ಬೆಲೆಯೂ ಬಹಿರಂಗವೇ: 2024ರ ಆಗಸ್ಟಿನಲ್ಲಿ ಕಾಗ್ನಿಜೆಂಟ್ ವರ್ಷಕ್ಕೆ 2.52 ಲಕ್ಷದ ಆಹ್ವಾನ ಪ್ರಕಟಿಸಿ ಗೇಲಿಗೆ ಗುರಿಯಾದಾಗ, ಅದು ಬಿಇಯವರಿಗಲ್ಲ, ಮೂರು ವರ್ಷದ ಪದವಿಯವರಿಗೆ ಎಂದು ಸ್ಪಷ್ಟನೆ ಕೊಟ್ಟಿತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ‘ಭಾರತ ಉದ್ಯೋಗ ವರದಿ 2024’ರ ಒಂದು ಅಂಕಿ ಇಲ್ಲಿ ಮತ್ತೆಮತ್ತೆ ಬರುತ್ತದೆ. 2022ರಲ್ಲಿ ಯುವ ಪದವೀಧರರಲ್ಲಿ ನಿರುದ್ಯೋಗ ಶೇ 29.1, ಓದುಬರಹ ಬಾರದವರಲ್ಲಿ ಶೇ 3.4. ‘ಓದಿದರೆ ಕೆಲಸ ಇಲ್ಲ’ ಎಂದು ಇದನ್ನು ಓದುವುದು ತಪ್ಪು. ಓದದವರಿಗೆ ಕೆಲಸವಿಲ್ಲದೆ ಒಂದು ವಾರ ಕೂರುವ ಶಕ್ತಿಯಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾರೆ. ಪದವೀಧರರು ಕಾಯುತ್ತಾರೆ, ಕಾಯುವ ಖರ್ಚನ್ನು ಮನೆಯವರು ಹೊರುತ್ತಾರೆ.

ಐಟಿಐ ಸಂಬಳ ಏಕೆ ಏರುವುದಿಲ್ಲ?

ಪೀಣ್ಯ, ಬೊಮ್ಮಸಂದ್ರ, ಬಿಡದಿ, ನರಸಾಪುರ, ಎಲ್ಲ ಕೈಗಾರಿಕಾ ಪ್ರದೇಶಗಳಲ್ಲೂ ‘ಕೆಲಸಗಾರರು ಸಿಗುತ್ತಿಲ್ಲ’ ಎಂಬ ದೂರಿದೆ. ಸಿಗದ ವಸ್ತುವಿನ ಬೆಲೆ ಏರಬೇಕಲ್ಲವೇ? ಏರದಿರಲು ಕಾರಣ ನೇಮಕದ ರೀತಿ. ಕಾಯಂ ಹುದ್ದೆಗೆ ಬದಲು ಗುತ್ತಿಗೆದಾರನ ಮೂಲಕ ಜನ ಬರುತ್ತಾರೆ. ಗುತ್ತಿಗೆದಾರ ಬದಲಾದಾಗ ಅನುಭವದ ವರ್ಷ ಸೊನ್ನೆಯಿಂದ ಶುರು.

ಅಪ್ರೆಂಟಿಸ್ ಕಾನೂನಿನ ಬಳಕೆಯೂ ಹೀಗೇ. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ಒಟ್ಟು ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 2019ರ ನಿಯಮದಂತೆ ಕನಿಷ್ಠ ಸ್ಟೈಪೆಂಡ್ ಓದಿಗೆ ತಕ್ಕಂತೆ 5,000ದಿಂದ 9,000. ಇದನ್ನು 6,800ರಿಂದ 12,300ಕ್ಕೆ ಏರಿಸಲು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇನಲ್ಲಿ ಶಿಫಾರಸು ಮಾಡಿತು. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಸಾಮಾನ್ಯ ಕಡ್ಡಾಯ ಇಲ್ಲ. ಒಂದು ತಂಡ ಹೊರಗೆ, ಇನ್ನೊಂದು ತಂಡ ಒಳಗೆ. ಕಲಿಕೆಯ ಕಾನೂನು ಕೆಲವೆಡೆ ಅಗ್ಗದ ಕೂಲಿಯ ಕೊಳಾಯಿಯಾಗಿದೆ.

ಮೂರನೆಯದು, ಮೇಲಿನಿಂದ ಬರುವ ಒತ್ತಡ. ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ 2024-25ರಿಂದ ಎಂಜಿನಿಯರಿಂಗ್ ಸೀಟುಗಳ ಮಿತಿ ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ಸೀಟು ಉಬ್ಬಿವೆ. ಅಷ್ಟು ಜನರಿಗೆ ಆ ಕೆಲಸ ಇಲ್ಲದಾಗ ಬಿಇಯವರು ಡಿಪ್ಲೊಮಾದವರ ಜಾಗಕ್ಕೆ, ಡಿಪ್ಲೊಮಾದವರು ಐಟಿಐಯವರ ಜಾಗಕ್ಕೆ ಇಳಿಯುತ್ತಾರೆ. ಆ್ಯಪಲ್‌ಗೆ ಐಫೋನ್ ಜೋಡಿಸಿಕೊಡುತ್ತಿದ್ದ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರಿನಲ್ಲಿ ವೇತನದ ವಿಚಾರಕ್ಕೆ ಕಾರ್ಮಿಕರ ಸಿಟ್ಟು ಸಿಡಿದಾಗ ಈ ಚಿತ್ರ ಹೊರಬಿತ್ತು: ಬೇರೆಬೇರೆ ಓದಿನವರು ಒಂದೇ ಅಸೆಂಬ್ಲಿ ಸಾಲಿನಲ್ಲಿ, ಬಹುಪಾಲು ಗುತ್ತಿಗೆಯಲ್ಲಿ. ಆ್ಯಪಲ್ ಆ ಕಂಪನಿಯನ್ನು ಪರೀಕ್ಷಾವಧಿಗೆ ಹಾಕಿತು.

ಈ ಗುಂಪಿನಿಂದ ತಪ್ಪಿಸಿಕೊಳ್ಳುವವರು ಅಪರೂಪದ ಕೈಚಳಕ ಸೇರಿಸಿಕೊಂಡವರು. ಸಾದಾ ಲೇತ್ ಬಿಟ್ಟು ಕಂಪ್ಯೂಟರ್ ನಿಯಂತ್ರಿತ (ಸಿಎನ್‌ಸಿ) ಯಂತ್ರದ ಪ್ರೋಗ್ರಾಮಿಂಗ್ ಕಲಿತ ಟರ್ನರ್, ಓರೆಯಾಗಿ ನಿಲ್ಲಿಸಿದ ಪೈಪನ್ನು ಬೆಸೆಯುವ 6ಜಿ ಪರೀಕ್ಷೆ ಪಾಸಾದ ವೆಲ್ಡರ್, ಯಂತ್ರಗಳನ್ನು ತಾನಾಗಿ ಓಡಿಸುವ ನಿಯಂತ್ರಕ (ಪಿಎಲ್‌ಸಿ) ತಿಳಿದ ಎಲೆಕ್ಟ್ರಿಷಿಯನ್. 6ಜಿ ವೆಲ್ಡರ್‌ಗೆ ಕೊಲ್ಲಿ ದೇಶಗಳ ದಾರಿಯೂ ತೆರೆದಿದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆಯ ಮುದ್ರೆ ಬೀಳದು. ಸ್ವಂತ ಎಸಿ ಸರ್ವಿಸ್ ಇಡುವವರಿಗೆ ವ್ಯಾಕ್ಯೂಮ್ ಪಂಪ್, ಗೇಜ್, ಕ್ಲಾಂಪ್ ಮೀಟರ್‌ಗೆ ಮುದ್ರಾ ಯೋಜನೆಯ 50,000ದವರೆಗಿನ ಶಿಶು ಸಾಲವಿದೆ. ಬೇಸಿಗೆಯ ಆದಾಯವನ್ನು ಹನ್ನೆರಡು ತಿಂಗಳಿಗೆ ಹಂಚಿ ಲೆಕ್ಕ ಹಾಕದವರು ಮಳೆಗಾಲದಲ್ಲಿ ಕಂತು ತಪ್ಪುತ್ತಾರೆ.

ಯಾರು ಏನು ಹೇಳುತ್ತಾರೆ

ಉದ್ಯಮಿಗಳ ವಾದ: ಐಟಿಐಯ ಯಂತ್ರ, ಪಠ್ಯ ಹಳತು, ಪಿಎಂ-ಸೇತುವಿನಂತೆ ಆಡಳಿತದಲ್ಲಿ ನಮ್ಮ ಪಾಲಿದ್ದರೆ ಸಂಬಳ ತಾನಾಗಿ ಏರುತ್ತದೆ. 60,000 ಕೋಟಿಯಲ್ಲಿ ಉದ್ಯಮದ ಪಾಲು 10,000 ಕೋಟಿ, ರಾಜ್ಯಗಳದ್ದು 20,000, ಕೇಂದ್ರದ್ದು 30,000. ಅನುಮಾನಿಸುವವರು ಹಿಂದಿನದನ್ನು ನೆನಪಿಸುತ್ತಾರೆ. 2007ರಲ್ಲಿ 1,396 ಐಟಿಐಗಳಿಗೆ ತಲಾ 2.5 ಕೋಟಿ ಬಡ್ಡಿರಹಿತ ಸಾಲ ಕೊಟ್ಟು ಉದ್ಯಮಗಳ ಜೊತೆ ಕಟ್ಟಿಹಾಕಿದ್ದೂ ಇದೇ ಉದ್ದೇಶಕ್ಕೆ. ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ 4,600 ಕೋಟಿಗೂ ಹೆಚ್ಚು ವೆಚ್ಚದಲ್ಲಿ ನವೀಕರಿಸಿದ 150 ಐಟಿಐಗಳನ್ನು 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ರೋಬಾಟ್ ಬಂದರೆ ಸಾಲದು, ಅದನ್ನು ಕಲಿಸಬಲ್ಲ ಕಾಯಂ ಬೋಧಕ ಬೇಕು ಎಂಬುದು ಅವರ ಮಾತು. ಅದರಲ್ಲಿ ಹುರುಳಿದೆ.

ಮೂರನೆಯ ವಾದ ಹೆಚ್ಚು ಮುಜುಗರದ್ದು. ‘ಎಲ್ಲರಿಗೂ ಪದವಿ ಏಕೆ’ ಎನ್ನುವವರ ಮಕ್ಕಳು ಐಟಿಐಗೆ ಹೋಗುತ್ತಿದ್ದಾರೆಯೇ? ತಲೆಮಾರುಗಳಿಂದ ಕೈಕೆಲಸಕ್ಕೇ ಕಟ್ಟಿಹಾಕಲ್ಪಟ್ಟ ಸಮುದಾಯಗಳಿಗೆ ಪದವಿ ಬರೀ ಸಂಬಳದ ಪತ್ರವಲ್ಲ. ಕೈಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಹೇಳುವುದು ಸುಲಭ; ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸರ್ಕಾರದ ಮನಸ್ಸೂ ಇದರಿಂದ ಹೊರತಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಶುರುವಾದ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ಎಂದು ಘೋಷಣೆಯಾಯಿತು. ಐಟಿಐಯವರ ಹೆಸರೇ ಇರಲಿಲ್ಲ.

ಆರು ವರ್ಷ, ಏಳು ವರ್ಷ

ಈ ಜಗಳದಲ್ಲಿ ಮರೆಯಾಗುವ ಸರಳ ಕೂಡಿಕೆ ಒಂದಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ದಾರಿಗೆ 2 ಮತ್ತು 4, ಒಟ್ಟು ಆರು ವರ್ಷ. ಎಸ್ಸೆಸ್ಸೆಲ್ಸಿ, ಡಿಪ್ಲೊಮಾ, ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ: 3 ಮತ್ತು 3, ಅದೂ ಆರು ವರ್ಷ. ಎರಡು ವರ್ಷದ ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಅಲ್ಲಿಂದ ಬಿಇಗೆ ಹೋದರೆ 2, 2, 3: ಏಳು ವರ್ಷ. ಬಿಇಯೇ ಗುರಿಯಾದರೂ ಡಿಪ್ಲೊಮಾ ದಾರಿಯಲ್ಲಿ ಒಂದು ದಿನವೂ ಹೆಚ್ಚಿಲ್ಲ. ನಡುವೆ ಮನೆಯಲ್ಲಿ ಕಷ್ಟ ಬಂದರೆ ಇಳಿದು ಕೆಲಸಕ್ಕೆ ಸೇರಲು ನಿಲ್ದಾಣಗಳಿವೆ. ಬಿಇ ಎರಡನೇ ವರ್ಷಕ್ಕೆ ಬಿಟ್ಟ ಪಿಯುಸಿ ಹುಡುಗನ ಕೈಯಲ್ಲಿ ಅಂಥ ಪತ್ರವೇನೂ ಇರುವುದಿಲ್ಲ.

ಎಡವುವ ಜಾಗ ಗಣಿತ. ಡಿಪ್ಲೊಮಾದಿಂದ ಬಂದವರು ಪಿಯುಸಿಯ ಮತ್ತು ಬಿಇ ಮೊದಲ ವರ್ಷದ ಗಣಿತ ಮಾಡಿರುವುದಿಲ್ಲ. ಅದಕ್ಕಾಗಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ‘ಮ್ಯಾಟ್‌ಡಿಪ್’ ಎಂಬ ಹೆಚ್ಚುವರಿ ಗಣಿತ ವಿಷಯ ಇಟ್ಟಿತ್ತು. ಕಲನಶಾಸ್ತ್ರದ ಬುಡ ಗಟ್ಟಿಯಿಲ್ಲದೆ ಮೂರನೇ ಸೆಮಿಸ್ಟರ್‌ಗೆ ಇಳಿದರೆ ಬ್ಯಾಕ್‌ಲಾಗ್ ಉಳಿಯುತ್ತದೆ, ಬ್ಯಾಕ್‌ಲಾಗ್ ಇದ್ದವರನ್ನು ಕ್ಯಾಂಪಸ್ ಸಂದರ್ಶನಕ್ಕೆ ಬಿಡುವುದಿಲ್ಲ, ಮೂರನೆಯವರ ಲೆಕ್ಕ ನಾಲ್ಕನೆಯವರದಾಗುತ್ತದೆ. ಐಟಿಐಯಿಂದ ಡಿಪ್ಲೊಮಾಕ್ಕೆ ಬಂದವರಿಗೂ ಇದೇ ಕಂದಕ. ಡಿಸಿಇಟಿ ಮುಗಿದು ತರಗತಿ ಶುರುವಾಗುವ ನಡುವಿನ ವಾರಗಳು ಇದಕ್ಕೇ ಮೀಸಲಾಗಬೇಕು.

ಸೇರುವ ಮುನ್ನ ನೋಡಬೇಕಾದ್ದೂ ಸ್ವಲ್ಪವಿದೆ. ಐಟಿಐಯ ಆ ಟ್ರೇಡಿಗೇ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯೇ, ಯಂತ್ರಗಳು ಓಡುತ್ತಿವೆಯೇ ಅಥವಾ ತಪಾಸಣೆಗೆ ಬಣ್ಣ ಬಳಿದು ನಿಲ್ಲಿಸಿದ್ದಾರೆಯೇ, ಕಳೆದ ವರ್ಷದವರು ಎಲ್ಲಿ ಅಪ್ರೆಂಟಿಸ್ ಆದರು. ಬಿಇ ಕಾಲೇಜಿನಲ್ಲಿ ‘ಗರಿಷ್ಠ ಪ್ಯಾಕೇಜ್’ ಬದಲು ಆ ಶಾಖೆಯ ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ ಆಫರ್ ಪತ್ರ ಸಿಕ್ಕಿತು ಎಂದು ಕೇಳಬೇಕು. ಒಬ್ಬರಿಗೆ ಸಿಕ್ಕ 40 ಲಕ್ಷ ಉಳಿದವರ ಕಂತು ಕಟ್ಟುವುದಿಲ್ಲ. ಗುತ್ತಿಗೆ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಪಿಎಫ್ ಖಾತೆಯ ಯುಎಎನ್ ಸಂಖ್ಯೆಯಲ್ಲಿ ಹಣ ಜಮೆಯಾಗಿದೆಯೇ, ಇಎಸ್‌ಐ ಸಂಖ್ಯೆ ಬಂದಿದೆಯೇ ನೋಡಿಕೊಳ್ಳಬೇಕು. ಸಂಬಳದಿಂದ ಕಡಿದು ಕಟ್ಟದಿರುವುದು ಹೊಸದೇನಲ್ಲ.

ಈಚೆಗೆ ಲೆಕ್ಕವನ್ನು ಇನ್ನಷ್ಟು ತಿರುಗಿಸಿದ ಬದಲಾವಣೆ ಎಂದರೆ, ಕೆಲಸದಲ್ಲಿರುವವರಿಗಾಗಿ ಅನುಕೂಲದ ಸಮಯದಲ್ಲಿ ಬಿಇ ತರಗತಿ ನಡೆಸಲು ಎಐಸಿಟಿಇ 2023ರಲ್ಲಿ ಕಾಲೇಜುಗಳಿಗೆ ಅವಕಾಶ ಕೊಟ್ಟದ್ದು. ಮೇಲಿನ ಉದಾಹರಣೆಯ ಡಿಪ್ಲೊಮಾದವರು 20,000 ಸಂಬಳ ಬಿಡದೆ ಸಂಜೆ ಬಿಇ ಓದಿದರೆ ಶುಲ್ಕವನ್ನು ಸಂಬಳದಿಂದಲೇ ಕಟ್ಟಬಹುದು, ಮೂರು ವರ್ಷದ ಏಳೆಂಟು ಲಕ್ಷ ಆದಾಯ ಉಳಿಯುತ್ತದೆ, ಪದವಿ ಕೈಗೆ ಬರುವಾಗ ಅನುಭವವೂ ಇರುತ್ತದೆ. ತೊಡಕು ಪಾಳಿಯದು: ಮೂರು ಪಾಳಿಯ ಕಾರ್ಖಾನೆಯಲ್ಲಿ ಪ್ರತಿ ಸಂಜೆ ಬಿಡುವು ಬೇಕೆಂದರೆ ಸಾಮಾನ್ಯ ಪಾಳಿಗೆ ಲಿಖಿತ ಒಪ್ಪಿಗೆ ಮೊದಲೇ ಪಡೆಯಬೇಕು, ಅದು ಸಿಗುವುದು ಕಾಯಂ ಆದವರಿಗೆ. ಗುತ್ತಿಗೆಯವರಿಗೆ ಆ ಪತ್ರ ಬರೆದುಕೊಡುವವರು ಯಾರು ಎಂಬುದಕ್ಕೆ ಯಾವ ಯೋಜನೆಯಲ್ಲೂ ಸಾಲಿಲ್ಲ.